ಬೋರ್ಡ್ ‘ಸುಲಭದ ದಾರಿ’ ಅನ್ನುತ್ತದೆ. ಅಪ್ಪ ಅಮ್ಮ ಕೆರೆ ಸುತ್ತಬಹುದಾ?

ಪ್ರಶ್ನೆ: ಅಮ್ಮನಿಗೆ 67 ವರ್ಷ. ಎರಡೂ ಮೊಣಕಾಲಿನಲ್ಲಿ ಸವೆತ ಇದೆ, ಬಲಗಡೆ ಜಾಸ್ತಿ. ಅರ್ಧ ಗಂಟೆ ನಡೆದರೆ ನೋವು ಶುರುವಾಗುತ್ತದೆ. ಅಪ್ಪನಿಗೆ 73. ಮೂರು ವರ್ಷದ ಹಿಂದೆ ಸ್ಟ್ರೋಕ್ ಆಗಿತ್ತು, ಎಡಭಾಗ ಈಗಲೂ ಸ್ವಲ್ಪ ವೀಕ್. ಕೋಲು ಹಿಡಿದು ಮನೆ ಹತ್ತಿರ ಇಪ್ಪತ್ತು ನಿಮಿಷ ನಡೆಯುತ್ತಾರೆ. ವೀಲ್‌ಚೇರ್ ಇದೆ, ಆದರೆ ಅದರಲ್ಲಿ ಕೂರಲು ಒಪ್ಪುವುದಿಲ್ಲ. ಕೂತರೆ ಅದೇ ಅಭ್ಯಾಸವಾಗುತ್ತದೆ ಅನ್ನುತ್ತಾರೆ. ಮುಂದಿನ ತಿಂಗಳು ಇಬ್ಬರನ್ನೂ ಒಂದು ಕೆರೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಕೆರೆ ಸುತ್ತ ನಾಲ್ಕೂವರೆ ಕಿಲೋಮೀಟರ್ ದಾರಿ ಇದೆ. ‘ಸುಲಭ, ಸಮತಟ್ಟು, ಎಲ್ಲರಿಗೂ ಸೂಕ್ತ, ಒಂದೂವರೆ ಗಂಟೆ ಸಾಕು’ ಎಂದು ಬೋರ್ಡ್ ಹಾಕಿದ್ದಾರೆ. ಸವೆದ ಮೊಣಕಾಲು ನಡೆದಷ್ಟೂ ಸವೆಯುತ್ತದೆ, ಬೇಡ ಅಂತ ಚಿಕ್ಕಮ್ಮ ಹೇಳುತ್ತಾರೆ. ಪೂರ್ತಿ ಸುತ್ತು ಹಾಕಿ ಹತ್ತು ಸಾವಿರ ಹೆಜ್ಜೆ ಆದರೇನೇ ಲಾಭ, ಆಗಲಿಲ್ಲವೆಂದರೆ ಅರ್ಧದಲ್ಲಿ ವಾಪಸ್ ಬಂದರಾಯಿತು ಅಂತ ಅಣ್ಣ ಹೇಳುತ್ತಾನೆ. ಅಪ್ಪನಿಗೆ ನೀರಿನ ಪಕ್ಕ ಓಡಾಡುವುದೆಂದರೆ ಪ್ರಾಣ. ಏನು ಮಾಡಲಿ?

ಫಿಸಿಯೋಥೆರಪಿಸ್ಟ್ ಉತ್ತರ:

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ‘ಹೋಗಲೇಬಾರದು’ ಎನ್ನುವವರು ಒಂದು ಕಡೆ, ‘ಪೂರ್ತಿ ಸುತ್ತಲೇಬೇಕು’ ಎನ್ನುವವರು ಇನ್ನೊಂದು ಕಡೆ. ನಡುವೆ ನಿಂತು ನೀವು ಸರಿಯಾದದ್ದನ್ನೇ ಕೇಳಿದ್ದೀರಿ. ಖಂಡಿತ ಕರೆದುಕೊಂಡು ಹೋಗಿ. ಆದರೆ ಅಪ್ಪನಿಗೆ ಮೊದಲ ಸಲವೇ ಪೂರ್ತಿ ಸುತ್ತು ಬೇಡ. ಅಮ್ಮನಿಗೆ ಸ್ವಲ್ಪ ತಯಾರಿ ಮಾಡಿಕೊಂಡರೆ ಆಗಬಹುದು. ಯಾಕೆ ಅಂತ ಹೇಳುತ್ತೇನೆ.

ಮೊದಲು ಅಣ್ಣನ ಮಾತು ತೆಗೆದುಕೊಳ್ಳೋಣ. ಕೇಳಲು ಚೆನ್ನಾಗಿದೆ, ಆದರೆ ನೀವು ಬರೆದಿರುವುದರಲ್ಲಿ ಎಲ್ಲಕ್ಕಿಂತ ಅಪಾಯದ ಸಲಹೆ ಅದೇ. ನೇರ ದಾರಿಯಲ್ಲಿ ಎಷ್ಟು ಬೇಗ ತಿರುಗಿದರೆ ಅಷ್ಟು ಕಡಿಮೆ ನಡಿಗೆ. ಸುತ್ತುದಾರಿಯಲ್ಲಿ ಅರ್ಧ ತಲುಪಿದ ಮೇಲೆ ಮುಂದೆ ಹೋದರೂ ಎರಡೂಕಾಲು ಕಿಲೋಮೀಟರ್, ಹಿಂದೆ ಬಂದರೂ ಎರಡೂಕಾಲು ಕಿಲೋಮೀಟರ್. ಅಲ್ಲಿ ‘ವಾಪಸ್’ ಅನ್ನುವುದಕ್ಕೆ ಅರ್ಥವೇ ಇಲ್ಲ. ಎಷ್ಟೋ ಕೆರೆಗಳಲ್ಲಿ ಆ ಆಚೆ ದಡಕ್ಕೆ ಗಾಡಿ ಬರುವ ರಸ್ತೆಯೂ ಇರುವುದಿಲ್ಲ. ಪಾರ್ಕಿಂಗ್, ಶೌಚಾಲಯ, ಬೆಂಚು ಎಲ್ಲ ಈಚೆ ದಡದಲ್ಲೇ ಇರುತ್ತವೆ. ನಿಮ್ಮ ಅಪ್ಪ ಸುಸ್ತಾಗಿ ನಿಲ್ಲುವುದಾದರೆ, ಅದು ಎಲ್ಲ ಸೌಕರ್ಯಗಳಿಂದ ದೂರದ ಜಾಗದಲ್ಲೇ ಆಗುವ ಸಾಧ್ಯತೆ ಹೆಚ್ಚು. ತಿರುಗಬೇಕೋ ಬೇಡವೋ ಎಂಬ ತೀರ್ಮಾನ ಅರ್ಧಕ್ಕಿಂತ ಬಹಳ ಮೊದಲೇ ಆಗಬೇಕು.

ಈಗ ಒಂದು ಸಣ್ಣ ಲೆಕ್ಕ. ಮನೆ ಮುಂದೆ ಹತ್ತು ಮೀಟರ್ ಅಳೆದು ಎರಡು ಗುರುತು ಹಾಕಿ. ಗುರುತಿಗಿಂತ ಎರಡು ಹೆಜ್ಜೆ ಹಿಂದಿನಿಂದ ಅಪ್ಪ ಎಂದಿನಂತೆ ನಡೆದು ಬರಲಿ. ಮೊದಲ ಗುರುತಿನಿಂದ ಎರಡನೆಯದಕ್ಕೆ ಎಷ್ಟು ಸೆಕೆಂಡ್ ಆಯಿತೆಂದು ಮೊಬೈಲಿನಲ್ಲಿ ನೋಡಿ. 16 ಸೆಕೆಂಡ್ ಆಯಿತು ಅಂದುಕೊಳ್ಳಿ. ಸ್ಟ್ರೋಕ್ ಆದ ಮೇಲೆ ಕೋಲು ಹಿಡಿದು ನಡೆಯುವವರಲ್ಲಿ ಈ ವೇಗ ಸಾಮಾನ್ಯ. ಅಂದರೆ ಗಂಟೆಗೆ ಸುಮಾರು ಎರಡೂಕಾಲು ಕಿಲೋಮೀಟರ್. ಅವರು ನಡೆಯುವ ಇಪ್ಪತ್ತು ನಿಮಿಷದಲ್ಲಿ ಸಾಗುವ ದೂರ ಮುಕ್ಕಾಲು ಕಿಲೋಮೀಟರ್. ಕೆರೆಯ ಸುತ್ತು ನಾಲ್ಕೂವರೆ. ಆರು ಪಟ್ಟು! ಒಂದೇ ಒಂದು ಸಲವೂ ಕೂರದೆ ನಡೆದರೂ ಎರಡು ಗಂಟೆ ಬೇಕು, ಕೂತು ಎದ್ದು ಹೋದರೆ ಮೂರು ಗಂಟೆ ಹತ್ತಿರ. ಬೋರ್ಡಿನ ಮೇಲಿರುವ ಒಂದೂವರೆ ಗಂಟೆ ಗಂಟೆಗೆ ಮೂರು ಕಿಲೋಮೀಟರ್ ನಿಲ್ಲದೆ ನಡೆಯುವವರ ಲೆಕ್ಕ.

ಬೋರ್ಡ್ ಸುಳ್ಳು ಹೇಳುತ್ತಿದೆ ಎಂದಲ್ಲ. ‘ಸುಲಭ’ ಎಂದು ಬರೆದವರು ದಾರಿಯ ಬಗ್ಗೆ ಹೇಳಿದ್ದಾರೆ, ನಡೆಯುವವರ ಬಗ್ಗೆ ಅಲ್ಲ. ಬೆಟ್ಟ ಹತ್ತಿ ಅಭ್ಯಾಸವಿರುವ ಒಬ್ಬರು ಬೆಟ್ಟಕ್ಕೆ ಹೋಲಿಸಿ ಹಾಗೆ ಬರೆದಿರುತ್ತಾರೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ‘ಮೈಲ್ಸ್ ವಿದೌಟ್ ಸ್ಟೈಲ್ಸ್’ ಎಂಬ ಹೆಸರಿನಲ್ಲಿ ಇಂಥ ದಾರಿಗಳನ್ನು ಮೂರು ದರ್ಜೆ ಮಾಡಿದ್ದಾರೆ: ಎಲ್ಲರಿಗೂ ಆಗುವುದು, ಹಲವರಿಗೆ ಆಗುವುದು, ಕೆಲವರಿಗೆ ಆಗುವುದು. ‘ಹಲವರಿಗೆ’ ಎಂದರೆ ವೀಲ್‌ಚೇರ್ ತಳ್ಳಲು ಜೊತೆಗೊಬ್ಬರು ಇರಬೇಕು. ‘ಕೆಲವರಿಗೆ’ ಎಂದರೆ ಒರಟು ದಾರಿಯಲ್ಲಿ ಚೇರ್ ಓಡಿಸಿ ಪಳಗಿದವರಿಗೆ ಮಾತ್ರ. ನಿಮ್ಮ ಕೆರೆಯಲ್ಲಿ ಇಂಥ ವಿವರ ಇಲ್ಲದಿದ್ದರೆ ಅದನ್ನು ನೀವೇ ಹುಡುಕಬೇಕಾಗುತ್ತದೆ.

ಮೊಣಕಾಲು ನಡೆದಷ್ಟೂ ಸವೆಯುತ್ತದಾ?

ಇಲ್ಲ. ಚಿಕ್ಕಮ್ಮನಿಗೆ ಬೇಜಾರಾಗದ ಹಾಗೆ ಹೇಳಿ, ಆದರೆ ಸ್ಪಷ್ಟವಾಗಿ ಹೇಳಿ. ಈ ನಂಬಿಕೆಯಿಂದ ಎಷ್ಟೋ ಜನ ನಡಿಗೆ ನಿಲ್ಲಿಸಿ, ತೊಡೆಯ ಸ್ನಾಯು ಸೊರಗಿ, ಆಮೇಲೆ ನೋವು ಜಾಸ್ತಿಯಾಗಿ ನಮ್ಮ ಹತ್ತಿರ ಬರುತ್ತಾರೆ.

‘ಸವೆತ’ ಎಂಬ ಮಾತು ಕೇಳಿದರೆ ಉಜ್ಜಿ ಉಜ್ಜಿ ತೆಳುವಾಗುವ ಚಿತ್ರ ಮನಸ್ಸಿಗೆ ಬರುತ್ತದೆ. ಕೀಲು ಹಾಗೆ ಕೆಲಸ ಮಾಡುವುದಿಲ್ಲ. ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಅದಕ್ಕೆ ಪೋಷಣೆ ಸಿಗುವುದು ಕೀಲಿನೊಳಗಿನ ದ್ರವದಿಂದ. ಹೆಜ್ಜೆ ಊರಿದಾಗ ಸ್ಪಂಜಿನ ಹಾಗೆ ಅದು ಒತ್ತಿಕೊಳ್ಳುತ್ತದೆ, ಕಾಲೆತ್ತಿದಾಗ ಮತ್ತೆ ದ್ರವ ಹೀರಿಕೊಳ್ಳುತ್ತದೆ. ಕೂತೇ ಇದ್ದರೆ ಅದಕ್ಕೂ ಉಪವಾಸ. ಅದಕ್ಕೇ ಮೊಣಕಾಲು ಸವೆತದ ಚಿಕಿತ್ಸೆಯಲ್ಲಿ ವ್ಯಾಯಾಮವನ್ನು ಮೊದಲ ಸಾಲಿನಲ್ಲಿ ಇಡುತ್ತಾರೆ, ಮಾತ್ರೆ ಆಮೇಲೆ ಬರುತ್ತದೆ.

ಹಾಗಾದರೆ ಅಮ್ಮನಿಗೆ ಅರ್ಧ ಗಂಟೆಗೆ ನೋವು ಯಾಕೆ ಬರುತ್ತದೆ? ತೊಡೆಯ ಮುಂಭಾಗದ ಸ್ನಾಯು ದಣಿಯುತ್ತದೆ. ಅದು ಹೊರುತ್ತಿದ್ದ ಭಾರದ ಪಾಲು ಕೀಲಿನ ಮೇಲೆ ಬೀಳುತ್ತದೆ. ಜೊತೆಗೆ, ಸ್ವಲ್ಪ ಕೆರಳಿದ ಕೀಲಿನ ಒಳಪದರ ಬೇಗ ನೋವು ಕೊಡುತ್ತದೆ. ನೋವು ಬಂತೆಂದರೆ ಕೀಲು ಹಾಳಾಯಿತು ಎಂದಲ್ಲ. ನಾವು ಹೇಳಿಕೊಡುವ ಅಳತೆ ಇದು: ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಟ್ಟರೆ, ನಡೆಯುವಾಗ ನಾಲ್ಕರ ಒಳಗಿದ್ದು, ಮಾರನೆಯ ದಿನದೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ನಡಿಗೆ ಸರಿಯಾದ ಪ್ರಮಾಣದಲ್ಲಿದೆ. ಅದಕ್ಕೂ ಮೀರಿದರೆ ಪ್ರಮಾಣ ಜಾಸ್ತಿಯಾಯಿತು, ಮುಂದಿನ ಸಲ ಕಡಿಮೆ ಮಾಡಿ. ನಿಲ್ಲಿಸಬೇಡಿ.

ಮೊಣಕಾಲಿಗೆ ಕಷ್ಟ ಕೊಡುವುದು ದೂರಕ್ಕಿಂತ ಇಳಿಜಾರು. ಕೀಲಿನೊಳಗೇ ಅಳತೆಯ ಸಾಧನ ಇಟ್ಟು ನೋಡಿದ್ದಾರೆ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮೊಣಕಾಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಹೊರೆ ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಹತ್ತುವಾಗ ಏದುಸಿರು ಬರುವುದರಿಂದ ಅದೇ ಕಷ್ಟ ಅನ್ನಿಸುತ್ತದೆ, ಆದರೆ ಮೊಣಕಾಲಿಗೆ ನಿಜವಾದ ಪರೀಕ್ಷೆ ಇಳಿಯುವಾಗ. ಕೆರೆಯ ದಾರಿಯಲ್ಲಿ ಮೆಟ್ಟಿಲಿರುವ ಜಾಗ ಒಂದಿದ್ದರೆ, ಅದನ್ನು ಹತ್ತಿ ಹೋಗುವ ದಿಕ್ಕಿನಲ್ಲಿ ಸುತ್ತು ಶುರು ಮಾಡುವುದು ಅಮ್ಮನಿಗೆ ಒಳ್ಳೆಯದು.

ಅಮ್ಮ ಕೋಲು ಹಿಡಿಯಲಿ. ಬಲ ಮೊಣಕಾಲು ನೋವಾದ್ದರಿಂದ ಕೋಲು ಎಡಗೈಯಲ್ಲಿ. ನೋವಿರುವ ಕಡೆಯ ಕೈಯಲ್ಲೇ ಹಿಡಿಯುವವರು ಬಹಳ ಮಂದಿ. ಹಾಗೆ ಹಿಡಿದರೆ ಅರ್ಧ ಲಾಭವೂ ಸಿಗುವುದಿಲ್ಲ. ಬಲಗಾಲು ಮುಂದೆ ಹೋಗುವಾಗ ಕೋಲೂ ಮುಂದೆ ಹೋಗಬೇಕು. ಚಪ್ಪಲಿ ಅಲ್ಲ, ನಡೆಯುವಾಗ ಹಾಕುವ ಶೂ ಹಾಕಿಸಿ ನೇರ ನಿಲ್ಲಿಸಿ, ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮವಾಗಿರಬೇಕು. ಕೋಲಿನ ತುದಿಯ ರಬ್ಬರ್ ಬುಷ್ ತಿರುಗಿಸಿ ನೋಡಿ. ಅದರ ಗೆರೆಗಳು ಅಳಿಸಿ ನುಣ್ಣಗಾಗಿದ್ದರೆ ಹೊಸದು ಹಾಕಿಸಿ. ಒದ್ದೆ ಹಲಗೆಯ ಮೇಲೆ ಸವೆದ ಬುಷ್ ಜಾರುತ್ತದೆ.

ಹತ್ತು ಸಾವಿರ ಹೆಜ್ಜೆಯ ವಿಷಯ ಬೇಗ ಮುಗಿಸುತ್ತೇನೆ. ಆ ಸಂಖ್ಯೆ ಹೆಸರಾದದ್ದು ವೈದ್ಯಕೀಯ ಅಧ್ಯಯನದಿಂದ ಅಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಜಾಹೀರಾತಿನಿಂದ. ವಯಸ್ಸಾದವರಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಹೆಜ್ಜೆಗೂ ಲಾಭ ಕಾಣುತ್ತದೆ. ಪೂರ್ತಿ ಸುತ್ತದಿದ್ದರೆ ವ್ಯರ್ಥ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಅಪ್ಪನ ವಿಷಯವೇ ಬೇರೆ

ಸ್ಟ್ರೋಕ್ ಆದವರ ಸುಸ್ತು ನಮ್ಮ ನಿಮ್ಮ ಸುಸ್ತಿನ ಹಾಗೆ ನಿಧಾನವಾಗಿ ಏರುವುದಿಲ್ಲ. ಚೆನ್ನಾಗಿಯೇ ಮಾತಾಡುತ್ತಾ ನಡೆಯುತ್ತಿರುತ್ತಾರೆ, ಇದ್ದಕ್ಕಿದ್ದ ಹಾಗೆ ಶಕ್ತಿ ಸೋರಿಹೋಗುತ್ತದೆ. ಒಂದೊಂದು ಹೆಜ್ಜೆಗೂ ಅವರ ಮೆದುಳು ಗಮನ ಕೊಡಬೇಕು. ನಾವು ಯೋಚಿಸದೆ ಮಾಡುವ ಕೆಲಸವನ್ನು ಅವರು ಯೋಚಿಸಿ ಮಾಡುತ್ತಾರೆ. ವೀಕ್ ಇರುವ ಕಾಲನ್ನು ಎತ್ತಿ ಮುಂದಿಡಲು ಶಕ್ತಿಯೂ ಜಾಸ್ತಿ ಖರ್ಚಾಗುತ್ತದೆ.

ಬಾಯಿಮಾತಿಗಿಂತ ಮೊದಲೇ ಅವರ ಎಡ ಪಾದ ನಿಜ ಹೇಳುತ್ತದೆ. ನಡೆಯುವಾಗ ಸದ್ದಿಗೆ ಕಿವಿಗೊಡಿ. ಶುರುವಿನಲ್ಲಿ ಹಿಮ್ಮಡಿ ಊರುವ ಸದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ದಣಿಯುತ್ತಾ ಬಂದ ಹಾಗೆ ಎಡಗಡೆ ‘ಸರ್’ ಎಂಬ ಒರಸುವ ಸದ್ದು ಸೇರಿಕೊಳ್ಳುತ್ತದೆ. ಬೆರಳ ತುದಿ ನೆಲಕ್ಕೆ ತಾಗುತ್ತಿದೆ ಎಂದು ಅರ್ಥ. ಮನೆಯ ನುಣುಪು ನೆಲದಲ್ಲಿ ಇದು ಗೊತ್ತಾಗದೇ ಹೋಗಬಹುದು. ಮಣ್ಣಿನ ದಾರಿಯಲ್ಲಿ ಎರಡು ಬೆರಳು ಎತ್ತರದ ಮರದ ಬೇರೇ ಮುಗ್ಗರಿಸಲು ಸಾಕು. ಅವರ ಹಳೆಯ ಎಡಗಾಲಿನ ಶೂ ತಿರುಗಿಸಿ ನೋಡಿ: ತುದಿ ಬಲಗಾಲಿನದಕ್ಕಿಂತ ಜಾಸ್ತಿ ಸವೆದಿದ್ದರೆ ಈಗಾಗಲೇ ಪಾದ ಎಳೆಯುತ್ತಿದ್ದಾರೆ. ಹಾಗಿದ್ದರೆ ಹೊರಡುವ ಮೊದಲು ನಿಮ್ಮ ಫಿಸಿಯೋಗೆ ತೋರಿಸಿ. ಪಾದ ಎತ್ತಿ ಹಿಡಿಯುವ ಪಟ್ಟಿ ಅಥವಾ ಸ್ಪ್ಲಿಂಟ್‌ನಿಂದ ಬಹಳ ವ್ಯತ್ಯಾಸವಾಗುತ್ತದೆ.

ವೀಲ್‌ಚೇರ್ ಅಭ್ಯಾಸವಾಗುತ್ತದೆ ಎಂಬ ಅವರ ಭಯ ನನಗೆ ಅರ್ಥವಾಗುತ್ತದೆ. ಎದ್ದು ನಡೆಯಲು ಅವರು ಪಟ್ಟ ಪಾಡು ಅವರಿಗೇ ಗೊತ್ತು. ಆ ಚೇರ್ ಕಂಡರೆ ಆಸ್ಪತ್ರೆಯ ದಿನಗಳು ನೆನಪಾಗುತ್ತವೆ. ಆದರೆ ಕಾಲು ಸೊರಗುವುದು ನಡೆಯದೇ ಇದ್ದರೆ, ನಡೆದು ಸುಸ್ತಾದ ಮೇಲೆ ಕೂತರೆ ಅಲ್ಲ. ನಾನು ನೋಡುವವರಲ್ಲಿ ಚೇರ್ ಜೊತೆಗಿದ್ದಾಗ ಒಟ್ಟು ನಡಿಗೆ ಜಾಸ್ತಿಯೇ ಆಗುತ್ತದೆ. ಮುಂದೆ ಕೂರಲು ಜಾಗ ಇದೆಯೋ ಇಲ್ಲವೋ ಎಂಬ ಅಳುಕು ಇರುವುದಿಲ್ಲವಲ್ಲ. ಹತ್ತು ನಿಮಿಷ ನಡೆದು, ಹತ್ತು ನಿಮಿಷ ಕೂತು, ಮತ್ತೆ ಹತ್ತು ನಿಮಿಷ ನಡೆಯಬಹುದು.

ಸುಸ್ತಾದಾಗ ‘ಕೂತ್ಕೊಳ್ಳಿ ಅಪ್ಪಾ’ ಎಂದು ಎಲ್ಲರ ಮುಂದೆ ಒತ್ತಾಯ ಮಾಡಬೇಡಿ. ಹಿಂದಿನ ದಿನವೇ ದಾರಿಯ ನಕ್ಷೆ ಅವರ ಕೈಗೆ ಕೊಟ್ಟು, ಎಲ್ಲಿ ನಡೆಯುತ್ತೀರಿ, ಎಲ್ಲಿ ಕೂರುತ್ತೀರಿ ಎಂದು ಅವರಿಂದಲೇ ಗುರುತು ಹಾಕಿಸಿ. ನೋಟ ಚೆನ್ನಾಗಿರುವ ಜಾಗದಲ್ಲಿ ನಡಿಗೆ, ನೋಟ ಇಲ್ಲದ ಉದ್ದದ ಜಾಗದಲ್ಲಿ ಚೇರ್. ತೀರ್ಮಾನ ಅವರದ್ದಾದರೆ ಒಪ್ಪಿಗೆಯೂ ಸುಲಭ.

ದಾರಿಯಲ್ಲಿ ಏನು ನೋಡಬೇಕು

ಸಾಧ್ಯವಾದರೆ ಅವರನ್ನು ಕರೆದೊಯ್ಯುವ ಮೊದಲು ನೀವೊಬ್ಬರೇ ಒಂದು ಸುತ್ತು ಹಾಕಿ ಬನ್ನಿ. ಮೊಬೈಲಿನಲ್ಲಿ ಮಟ್ಟ ನೋಡುವ ಆ್ಯಪ್ ಇರುತ್ತದೆ, ಅದನ್ನು ತೆರೆದು ಅನುಮಾನ ಬಂದ ಕಡೆ ಫೋನನ್ನು ಒಂದು ಚಪ್ಪಟೆ ಹಲಗೆ ಅಥವಾ ಪುಸ್ತಕದ ಮೇಲಿಟ್ಟು ನೆಲಕ್ಕಿಡಿ. ಅಮೆರಿಕದ ಅರಣ್ಯ ಇಲಾಖೆ ಹೊರಾಂಗಣ ದಾರಿಗಳಿಗೆ ಮಾಡಿಕೊಂಡ ನಿಯಮ ನಮಗೆ ಒಳ್ಳೆಯ ಅಳತೆಗೋಲು. ಇಪ್ಪತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿ ಎಷ್ಟು ಉದ್ದವಿದ್ದರೂ ಪರವಾಗಿಲ್ಲ. ಆ್ಯಪಿನಲ್ಲಿ ಅದು ಸುಮಾರು 3 ಡಿಗ್ರಿ ತೋರಿಸುತ್ತದೆ. ಹನ್ನೆರಡಕ್ಕೆ ಒಂದು ಏರುವುದಾದರೆ, ಅಂದರೆ 5 ಡಿಗ್ರಿಯ ಹತ್ತಿರ, ಒಂದೇ ಸಮನೆ 60 ಮೀಟರ್ ದಾಟಬಾರದು. ಹತ್ತಕ್ಕೆ ಒಂದಾದರೆ 9 ಮೀಟರ್ ಅಷ್ಟೇ. ದಾರಿಯ ಅಗಲ ಕನಿಷ್ಠ 90 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಇರಬೇಕು, ಎದುರಿನಿಂದ ಬಂದವರಿಗೆ ಜಾಗ ಬಿಡಲು ಅಲ್ಲಲ್ಲಿ ಒಂದೂವರೆ ಮೀಟರ್ ಬೇಕು.

ಈ ಅಂಕಿಗಳು ಸುಮ್ನೆ ಅಲ್ಲ. ಅಪ್ಪ 70 ಕೆ.ಜಿ., ಚೇರ್ 18 ಕೆ.ಜಿ. ಅಂದುಕೊಂಡರೆ, ಹನ್ನೆರಡಕ್ಕೆ ಒಂದರ ಏರಿನಲ್ಲಿ ಏಳು ಕೆ.ಜಿ.ಗೂ ಮೀರಿದ ಭಾರ ನಿಮ್ಮನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಮೆತ್ತನೆ ಮಣ್ಣೋ ಜಲ್ಲಿಯೋ ಆದರೆ ಅದರ ಎಳೆತ ಬೇರೆ. ನಿಂತು ಉಸಿರು ತೆಗೆದುಕೊಳ್ಳುವಾಗಲೂ ಕೈ ಬಿಡುವ ಹಾಗಿಲ್ಲ.

ಉದ್ದದ ಏರಿಗಿಂತ ನನಗೆ ಜಾಸ್ತಿ ಚಿಂತೆ ಅಡ್ಡ ಓಲಿನದು, ಅಂದರೆ ದಾರಿ ಒಂದು ಪಕ್ಕಕ್ಕೆ ವಾಲಿರುವುದು. ಕೆರೆ ದಡದ ದಾರಿಯನ್ನು ಮಳೆ ನೀರು ಹರಿದು ಹೋಗಲೆಂದು ಎಷ್ಟೋ ಕಡೆ ನೀರಿನ ಕಡೆಗೆ ವಾಲಿಸಿರುತ್ತಾರೆ. ಕಣ್ಣಿಗೆ ಅದು ಸಮತಟ್ಟು. ಬೋರ್ಡಿನವರೂ ಸಮತಟ್ಟು ಎಂದೇ ಬರೆಯುತ್ತಾರೆ. ವೀಲ್‌ಚೇರ್ ಮಾತ್ರ ಅದನ್ನು ತಕ್ಷಣ ಕಂಡುಹಿಡಿಯುತ್ತದೆ: ಮುಂದಿನ ಪುಟ್ಟ ಗಾಲಿಗಳು ತಾವಾಗಿ ನೀರಿನ ಕಡೆ ತಿರುಗುತ್ತವೆ. ತಳ್ಳುವವರು ನೀರಿನ ಕಡೆಯ ಹಿಡಿಯನ್ನು ಜಾಸ್ತಿ ಒತ್ತಿ ನೇರ ಇಟ್ಟುಕೊಳ್ಳಬೇಕು. ಅರ್ಧ ಕಿಲೋಮೀಟರ್ ಹೀಗೆ ತಳ್ಳಿದರೆ ಒಂದು ಭುಜ ಹಿಡಿದುಕೊಳ್ಳುತ್ತದೆ. ನಡೆಯುವವರಿಗೂ ಇದು ತಟ್ಟುತ್ತದೆ. ಸುತ್ತುದಾರಿಯಲ್ಲಿ ಓಲು ಕೊನೆಯವರೆಗೂ ಒಂದೇ ಕಡೆ. ಒಂದು ಕಾಲು ಯಾವಾಗಲೂ ಕೆಳಗೆ, ಇನ್ನೊಂದು ಮೇಲೆ. ಅಮ್ಮನಿಗೆ ಹೋಗಿ ಬರುವ ನೇರ ದಾರಿಯಲ್ಲಿ ಬರುವಾಗ ಅದು ಅದಲು ಬದಲಾಗುತ್ತದೆ, ಸುತ್ತುದಾರಿಯಲ್ಲಿ ಆಗುವುದಿಲ್ಲ. ಓಲು 3 ಡಿಗ್ರಿ ದಾಟಿದರೆ ಅಪ್ಪನ ಚೇರ್ ಆ ಜಾಗಕ್ಕೆ ಬೇಡ.

ಹಲಗೆ ಹಾಸಿದ ಸೇತುವೆಗಳನ್ನು ಹತ್ತಿರದಿಂದ ನೋಡಿ. ಮರದ ನೆರಳಿನಲ್ಲಿರುವ ಹಲಗೆ ಬಿಸಿಲಿನಲ್ಲೂ ಪಾಚಿ ಹಿಡಿದಿರುತ್ತದೆ. ಹಲಗೆಗಳು ದಾರಿಗೆ ಅಡ್ಡಲಾಗಿದ್ದರೆ ಒಳ್ಳೆಯದು. ಉದ್ದಕ್ಕೆ ಹಾಸಿದ್ದರೆ ಸಂದಿಯಲ್ಲಿ ಪುಟ್ಟ ಗಾಲಿ, ಕೋಲಿನ ತುದಿ ಎರಡೂ ಸಿಕ್ಕಿಕೊಳ್ಳುತ್ತವೆ. ನೀರಿನ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯುವುದನ್ನೂ ಗಮನಿಸಿ. ಕಣ್ಣಿನ ಪೊರೆ ಇರುವವರಿಗೆ ಆ ಝಳಪಿನಿಂದ ಥಟ್ಟನೆ ಮರದ ನೆರಳಿಗೆ ಬಂದಾಗ ಕೆಲವು ಸೆಕೆಂಡ್ ನೆಲವೇ ಸರಿಯಾಗಿ ಕಾಣುವುದಿಲ್ಲ. ಬೇರುಗಳೂ ಇರುವುದು ಅಲ್ಲೇ. ನೆರಳು ಶುರುವಾಗುವ ಕಡೆ ಒಂದು ಕ್ಷಣ ನಿಂತು ಮುಂದೆ ಹೋಗಲಿ. ಅಗಲ ಅಂಚಿನ ಟೋಪಿ ಇಬ್ಬರಿಗೂ ಇರಲಿ.

ಬೆಂಚುಗಳ ನಡುವಿನ ದೂರ ಹೆಜ್ಜೆಯಲ್ಲಿ ಎಣಿಸಿ ಬರೆದುಕೊಳ್ಳಿ. ಜನ ಹೆಚ್ಚು ಓಡಾಡುವ ಕಡೆ 50 ಮೀಟರಿಗೊಂದು ಕೂರುವ ಜಾಗ ಇರಲಿ ಎಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಕೆರೆ ದಾರಿಯಲ್ಲಿ ಅದನ್ನು ನಿರೀಕ್ಷಿಸುವುದು ಕಷ್ಟ. ಆದರೆ ಅಪ್ಪನಿಗೆ ಐದು ನಿಮಿಷದ ನಡಿಗೆಗೊಂದು, ಅಂದರೆ ಇನ್ನೂರು ಮೀಟರಿನೊಳಗೆ ಒಂದು, ಬೇಕೇ ಬೇಕು. ತುಂಬ ತಗ್ಗಾದ ಕಲ್ಲುಬೆಂಚು ಲೆಕ್ಕಕ್ಕಿಲ್ಲ. ಅದರಿಂದ ಏಳಲು ಅಮ್ಮನ ಮೊಣಕಾಲೂ ಬಿಡುವುದಿಲ್ಲ, ಅಪ್ಪನ ಎಡಗಾಲೂ ಬಿಡುವುದಿಲ್ಲ.

ಯಾವ ದಿಕ್ಕಿನಲ್ಲಿ ಹೊರಡಬೇಕು

ಇದನ್ನು ಯಾರೂ ಕೇಳುವುದಿಲ್ಲ, ಆದರೆ ನಿಮ್ಮ ಅಪ್ಪನಿಗೆ ಇದು ಮುಖ್ಯ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹೊರಟರೆ ಕೆರೆ ಬಲಗಡೆ ಇರುತ್ತದೆ. ಅಂದರೆ ನೀರಿನ ಅಂಚು ಅವರ ಗಟ್ಟಿ ಭಾಗದ ಕಡೆ, ಕೋಲಿರುವ ಕೈಯ ಕಡೆ. ಸ್ಟ್ರೋಕ್ ಆದ ಕೆಲವರಿಗೆ ವೀಕ್ ಇರುವ ಕಡೆಯ ವಸ್ತುಗಳ ಮೇಲೆ ಗಮನವೇ ಹೋಗುವುದಿಲ್ಲ, ಕಣ್ಣು ಸರಿಯಿದ್ದರೂ. ಅಪ್ಪ ಮನೆಯಲ್ಲಿ ಎಡಗಡೆಯ ಬಾಗಿಲ ಚೌಕಟ್ಟಿಗೆ ತಾಗಿಸಿಕೊಳ್ಳುತ್ತಾರಾ? ತಟ್ಟೆಯ ಎಡಭಾಗದಲ್ಲಿರುವುದನ್ನು ಬಿಟ್ಟುಬಿಡುತ್ತಾರಾ? ಹೌದಾದರೆ ನೀರು ಎಡಗಡೆ ಬರುವ ದಿಕ್ಕಿನಲ್ಲಿ ಹೋಗಲೇಬೇಡಿ. ನೀವು ಅವರ ಎಡಗಡೆ, ಅರ್ಧ ಹೆಜ್ಜೆ ಹಿಂದೆ ಇರಿ. ತೋಳು ಹಿಡಿದು ಎಳೆಯಬೇಡಿ. ವೀಕ್ ಇರುವ ಭುಜ ಎಳೆತಕ್ಕೆ ಬೇಗ ನೋಯುತ್ತದೆ. ಸೊಂಟದ ಬೆಲ್ಟಿನ ಹತ್ತಿರ ಕೈ ಸಿದ್ಧವಾಗಿದ್ದರೆ ಸಾಕು.

ಅಮ್ಮನಿಗೆ ಮೆಟ್ಟಿಲಿನ ಕಾರಣಕ್ಕೆ ಬೇರೆ ದಿಕ್ಕು ಅನುಕೂಲವಾದರೆ? ಬಿದ್ದರೆ ಆಗುವ ಅಪಾಯ ಅಪ್ಪನಿಗೇ ಜಾಸ್ತಿ. ದಿಕ್ಕು ಅವರಿಗಾಗಿ ಇರಲಿ. ಅಮ್ಮ ಮೆಟ್ಟಿಲನ್ನು ಒಂದೊಂದಾಗಿ, ನೋವಿರುವ ಬಲಗಾಲನ್ನು ಮೊದಲು ಕೆಳಗಿಟ್ಟು ಇಳಿಯಲಿ.

ಹಾಗಾದರೆ ಏನೇನು ಮಾಡಬಹುದು

ಇಬ್ಬರೂ ಪೂರ್ತಿ ಸುತ್ತು ನಡೆಯುವುದು: ಅಪ್ಪನ ಮಟ್ಟಿಗೆ ಇದನ್ನು ಬಿಟ್ಟುಬಿಡಿ. ಮುಕ್ಕಾಲು ಕಿಲೋಮೀಟರಿನಿಂದ ನಾಲ್ಕೂವರೆಗೆ ಒಂದು ತಿಂಗಳಲ್ಲಿ ಏರುವುದಿಲ್ಲ. ಹುಮ್ಮಸ್ಸಿನಲ್ಲಿ ಹೋಗಿ ಬಿದ್ದರೆ, ಆ ಭಯದಿಂದ ಮನೆ ಸುತ್ತಿನ ನಡಿಗೆಯೂ ನಿಂತುಹೋಗುತ್ತದೆ.

ಅಪ್ಪನನ್ನು ಪೂರ್ತಿ ಚೇರ್‌ನಲ್ಲಿ ಕೂರಿಸಿ ಸುತ್ತಿಸುವುದು: ನೆಲ ಗಟ್ಟಿಯಾಗಿದ್ದು, ತಳ್ಳಲು ಇಬ್ಬರು ಗಟ್ಟಿಮುಟ್ಟಾದವರಿದ್ದರೆ ಆಗುತ್ತದೆ. ಆದರೆ ಚೇರ್ ಯಾವುದು ಎಂದು ನೋಡಿ. ನಾಲ್ಕೂ ಗಾಲಿ ಚಿಕ್ಕದಿರುವ, ಮಡಚಿ ಕಾರಿನಲ್ಲಿಡುವ ಚೇರ್ ಮಣ್ಣಿನ ದಾರಿಗೆ ಆಗದು, ಜಲ್ಲಿಯಲ್ಲಿ ಹೂತು ನಿಲ್ಲುತ್ತದೆ. ಹಿಂದಿನ ಗಾಲಿ ದೊಡ್ಡದಿದ್ದರೆ, ಜಲ್ಲಿ ಬಂದ ಕಡೆ ಮುಂದಿನ ಗಾಲಿಗಳನ್ನು ತುಸು ಎತ್ತಿ, ಹಿಂದಿನ ಗಾಲಿಗಳ ಮೇಲೆ ದಾಟಿಸಬಹುದು. ಮನೆಯ ಹತ್ತಿರ ಖಾಲಿ ಚೇರ್‌ನಲ್ಲಿ ಮೊದಲು ಕಲಿತುಕೊಳ್ಳಿ. ಕಡಿದಾದ ಇಳಿಜಾರಿನಲ್ಲಿ ಚೇರ್ ತಿರುಗಿಸಿ, ನೀವು ಕೆಳಗೆ ನಿಂತು ಹಿಮ್ಮುಖವಾಗಿ ನಿಧಾನಕ್ಕೆ ಇಳಿಸಿ. ಗಾಲಿಯ ಬ್ರೇಕ್ ಇರುವುದು ನಿಲ್ಲಿಸಿದ ಮೇಲೆ ಹಾಕಲು, ಓಡುವ ಚೇರನ್ನು ತಡೆಯಲು ಅಲ್ಲ. ನೀರು ನೋಡಲು ನಿಲ್ಲಿಸುವಾಗ ಚೇರ್ ಕೆರೆಗೆ ಎದುರಾಗಿ ಇರದೆ ದಡಕ್ಕೆ ಸಮಾನಾಂತರವಾಗಿರಲಿ. ಅಪ್ಪ ತಲೆ ತಿರುಗಿಸಿದರೆ ನೀರು ಕಾಣುತ್ತದೆ. ಬ್ರೇಕ್ ಜಾರಿದರೂ ಚೇರ್ ಕೆರೆಗೆ ಇಳಿಯುವುದಿಲ್ಲ. ಅವರು ಎದ್ದು ನಡೆಯುವಾಗ ಚೇರಿನ ಹಿಂದಿನ ಹಿಡಿಗೆ ಭಾರದ ಬ್ಯಾಗ್ ನೇತುಹಾಕಬೇಡಿ, ಖಾಲಿ ಚೇರ್ ಹಿಂದಕ್ಕೆ ಮಗುಚುತ್ತದೆ.

ಇಬ್ಬರೂ ಬೇರೆ ಬೇರೆ ಹೋಗುವುದು: ಅಮ್ಮ ನಿಮ್ಮ ಅಣ್ಣನ ಜೊತೆ ಪೂರ್ತಿ ಸುತ್ತು, ಅಪ್ಪ ನಿಮ್ಮ ಜೊತೆ ಈಚೆ ದಡದಲ್ಲಿ. ಆಚೆ ದಡಕ್ಕೆ ಗಾಡಿ ಹೋಗುವಂತಿದ್ದರೆ ಅಪ್ಪನನ್ನು ಅಲ್ಲಿಗೆ ಕರೆತಂದು ನಡುವೆ ಸೇರಿಕೊಳ್ಳಬಹುದು. ಅಮ್ಮನಿಗೆ ಸಾಕೆನಿಸಿದರೆ ಅವರೂ ಅಲ್ಲೇ ಗಾಡಿ ಹತ್ತಬಹುದು. ಇದರಲ್ಲಿ ಒಂದೇ ತೊಂದರೆ, ಅಪ್ಪ ಅಮ್ಮ ಜೊತೆಯಾಗಿ ನಡೆಯುವ ಸಂತೋಷ ಕಡಿಮೆ.

ನನ್ನ ಆಯ್ಕೆ ಕೇಳಿದರೆ, ಮೊದಲ ಸಲ ಹೋಗಿ ಬರುವ ನಡಿಗೆಯನ್ನೇ ಮಾಡಿ. ದಡದ ಅತ್ಯಂತ ಚೆಂದದ, ಗಟ್ಟಿ ನೆಲದ ಆರು ಏಳು ನೂರು ಮೀಟರ್ ಆರಿಸಿಕೊಳ್ಳಿ. ಇಬ್ಬರೂ ಜೊತೆಯಾಗಿ ಹೋಗಲಿ, ಚೇರ್ ಹಿಂದೆ ಬರಲಿ. ಅಪ್ಪ ತಮ್ಮ ಶಕ್ತಿಯ ಮೂರನೇ ಒಂದು ಪಾಲು ಖರ್ಚಾದಾಗ, ಅಂದರೆ ಆರೇಳು ನಿಮಿಷ ನಡೆದ ಮೇಲೆ, ಸುಸ್ತಾಗದಿದ್ದರೂ ಕೂರಲಿ. ಸುಸ್ತಾದ ಮೇಲೆ ಕೂರುವುದಕ್ಕಿಂತ ಸುಸ್ತಾಗುವ ಮೊದಲು ಕೂರುವುದರಿಂದ ಅವರು ಜಾಸ್ತಿ ದೂರ ಹೋಗುತ್ತಾರೆ. ಬರುವಾಗ ನೀರು ಎಡಗಡೆ ಬರುತ್ತದೆ, ಆಗ ನೀವು ನೀರಿಗೂ ಅವರಿಗೂ ನಡುವೆ ಇರಿ. ಎಡಗಡೆಯ ಗಮನ ಕಡಿಮೆ ಇದ್ದರೆ ವಾಪಸ್ ದಾರಿ ಪೂರ್ತಿ ಚೇರ್‌ನಲ್ಲೇ ಆಗಲಿ.

ಅಮ್ಮನಿಗೆ ಈ ಒಂದು ತಿಂಗಳಲ್ಲಿ ಎರಡು ಕೆಲಸ. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ನಿಂತು, ನಿಧಾನವಾಗಿ ಕೂರುವುದು. ಎಂಟು ಹತ್ತು ಸಲ, ದಿನಕ್ಕೆ ಎರಡು ಹೊತ್ತು. ತೊಡೆಗೆ ಇದಕ್ಕಿಂತ ಒಳ್ಳೆಯ ಸರಳ ವ್ಯಾಯಾಮ ಇಲ್ಲ. ಎರಡನೆಯದು, ನೋವು ಶುರುವಾಗುವ ಅರ್ಧ ಗಂಟೆಯವರೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೆ ಕೂತು, ಐದು ನಿಮಿಷ ಬಿಟ್ಟು ಮತ್ತೆ ನಡೆಯುವುದು. ಹೀಗೆ ಮೂರು ಕಂತಿನಲ್ಲಿ ಒಂದು ಗಂಟೆ ನಡೆದು, ಮಾರನೆಯ ದಿನ ಆರಾಮಾಗಿದ್ದರೆ, ಕೆರೆಯ ಪೂರ್ತಿ ಸುತ್ತು ಅವರ ಕೈಗೆಟುಕುವ ದೂರದಲ್ಲಿದೆ.

ಕೆಲವು ಲಕ್ಷಣ ಕಂಡರೆ ಮಾತ್ರ ಕಾಯಬೇಡಿ. ಮುಖ ಒಂದು ಕಡೆ ಜಾರುವುದು, ಕೈ ಇನ್ನಷ್ಟು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು, ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು: ಇವು ಸುಸ್ತಲ್ಲ, ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ಸ್ಟ್ರೋಕ್ ಒಮ್ಮೆ ಆದವರಲ್ಲಿ ಮತ್ತೆ ಆಗುವ ಸಂಭವ ಜಾಸ್ತಿ. ದಾರಿಯಲ್ಲಿ ಎಲ್ಲೆಲ್ಲಿ ಫೋನ್ ಸಿಗ್ನಲ್ ಇದೆ, ಗಾಡಿ ಬರುವ ಗೇಟ್ ಎಲ್ಲಿದೆ ಎಂಬುದನ್ನು ನೀವೊಬ್ಬರೇ ಹೋದ ದಿನವೇ ನೋಡಿಟ್ಟುಕೊಂಡಿರಿ. ಬಿ.ಪಿ. ಮಾತ್ರೆಯನ್ನು ಆ ದಿನ ತಪ್ಪಿಸುವುದು ಬೇಡ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರೆ, ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಡಾಕ್ಟರನ್ನು ಮೊದಲೇ ಕೇಳಿ. ಶೌಚಾಲಯಕ್ಕೆ ಅವಸರವಾಗಿ ದಡದಡ ನಡೆಯುವಾಗಲೇ ಎಷ್ಟೋ ಜನ ಬೀಳುತ್ತಾರೆ.

ಮಾರನೆಯ ಬೆಳಿಗ್ಗೆ ಅಮ್ಮನ ಬಲ ಮೊಣಕಾಲನ್ನು ಎಡ ಮೊಣಕಾಲಿನ ಜೊತೆ ಇಟ್ಟು ಮುಟ್ಟಿ ನೋಡಿ. ಬಿಸಿಯಾಗಿ ಊದಿದ್ದರೆ ಎರಡು ದಿನ ಮನೆಯೊಳಗೆ ಮಾತ್ರ ಓಡಾಡಲಿ. ಆಗಲೂ ಇಳಿಯದಿದ್ದರೆ, ಅಥವಾ ಕಾಲು ಮಡಚಿದಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಡಾಕ್ಟರಿಗೆ ತೋರಿಸಿ. ಅಪ್ಪ ಮಾರನೆಯ ದಿನ ಮಧ್ಯಾಹ್ನದವರೆಗೂ ಮಂಕಾಗಿದ್ದರೆ ಮುಂದಿನ ಸಲದ ದೂರದಲ್ಲಿ ಕಾಲು ಭಾಗ ಕಡಿಮೆ ಮಾಡಿ. ಎಂದಿನಂತೆ ಎದ್ದು ಓಡಾಡಿದರೆ ಮುಂದಿನ ಸಲ ಒಂದು ಬೆಂಚಿನಷ್ಟು ಮುಂದೆ ಹೋಗಿ ಬನ್ನಿ.